ಪದಪಟ್ಟಿಗೆ ಕನ್ನಡದ ಕಾಲಂ ಒಂದು ಸೇರಿಸಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಸೋಮವಾರದ ಉದ್ಯೋಗ ಪುರವಣಿಯಲ್ಲಿ ನೀವು ಫಿನ್ಲೆಂಡಿಗೆ ಕೆಲಸಕ್ಕೆ ಹೋಗುವವರಿಗಾಗಿ ಒಂದು ಪದಪಟ್ಟಿ ಹಾಕಿದ್ದೀರಿ. ಎಡಕ್ಕೆ ಇಂಗ್ಲಿಷಿನ ಗುಣಪದ, ಬಲಕ್ಕೆ ಅದರ ಫಿನ್ನಿಷ್ ಪದ. ಬಿಗ್, ಸ್ಮಾಲ್, ಹಾಟ್, ಕೋಲ್ಡ್, ಹಂಗ್ರಿ ಅಂತ ಅರ್ಧ ಪುಟ ತುಂಬಿದೆ. ನಮ್ಮ ಚಿಕ್ಕಬಳ್ಳಾಪುರದಂಥ ಜಿಲ್ಲೆಯ ಮಕ್ಕಳೂ ಅಷ್ಟು ದೂರ ಹೋಗುತ್ತಿದ್ದಾರೆ, ಅವರಿಗೆ ಏನಾದರೂ ಬೇಕು ಅಂತ ನೀವು ಯೋಚನೆ ಮಾಡಿದ್ದಕ್ಕೆ ನಿಜವಾಗಲೂ ಖುಷಿಯಾಯಿತು. ಆದರೆ ಆ ಅರ್ಧ ಪುಟದಲ್ಲಿ ಕನ್ನಡದ ಪದ ಒಂದೂ ಇಲ್ಲ. ಕನ್ನಡ ಪತ್ರಿಕೆ, ಕನ್ನಡ ಓದುವವರಿಗೆ ಹಾಕಿದ ಪಟ್ಟಿ, ಅದರಲ್ಲಿ ಕನ್ನಡವೇ ಇಲ್ಲ. ಇದು ಬರೀ ಅಭಿಮಾನದ ಮಾತಲ್ಲ, ಆ ಪಟ್ಟಿಯಿಂದ ಕಲಿತವರಿಗೆ ಅಲ್ಲಿ ಹೋದ ಮೇಲೆ ತೊಂದರೆ ಆಗುತ್ತದೆ. ಅದು ಹೇಗೆ ಅಂತ ಹೇಳಲು ಸ್ವಲ್ಪ ಜಾಸ್ತಿ ಜಾಗ ಬೇಕು, ದಯವಿಟ್ಟು ಕತ್ತರಿಸದೆ ಹಾಕಿ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು. ಮನೆ ಚಿಂತಾಮಣಿಯಲ್ಲಿ. ಮಗಳು ನರ್ಸಿಂಗ್ ಓದಿ, ಈಗ ಫಿನ್ಲೆಂಡಿನ ತಂಪೆರೆ ಎಂಬ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕಡೆ ಕೆಲಸಕ್ಕಿದ್ದಾಳೆ. ಹೋಗುವ ಮುಂಚೆ ಒಂದು ಕೋಚಿಂಗ್ ಸೆಂಟರಿಗೆ ದುಡ್ಡು ಕಟ್ಟಿ ಆರು ತಿಂಗಳು ಭಾಷೆ ಕಲಿತಳು. ಅಲ್ಲಿ ಕೊಟ್ಟಿದ್ದೂ ನಿಮ್ಮದರಂಥ ಪಟ್ಟಿಯೇ. ಅದನ್ನು ಮಗ್ಗಿ ಉರು ಹೊಡೆದ ಹಾಗೆ ಉರು ಹೊಡೆದಳು. ನಾನೇ ಸಂಜೆ ಹೊತ್ತು ಪಟ್ಟಿ ಹಿಡಿದುಕೊಂಡು ಒಪ್ಪಿಸಿಕೊಳ್ಳುತ್ತಿದ್ದೆ, ಹಾಗಾಗಿ ನನಗೂ ಅಷ್ಟೋ ಇಷ್ಟೋ ಬಾಯಿಗೆ ಬಂತು. ಆಮೇಲೆ ಅದೇ ನನಗೆ ಹುಚ್ಚು ಹಿಡಿಸಿತು. ಈಗಲೂ ಅವಳು ದಿನಾ ಫೋನ್ ಮಾಡಿ ಹೊಸ ಪದ ಹೇಳುತ್ತಾಳೆ, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಚಳಿಗಾಲದಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ, ಅಲ್ಲಿ ಸಂಜೆ ಆರು ಅಂದರೆ ಇಲ್ಲಿ ರಾತ್ರಿ ಒಂಬತ್ತೂವರೆ.

ಅವಳು ಕೆಲಸಕ್ಕೆ ಸೇರಿದ ಹೊಸದು. ಅಲ್ಲಿ ಒಬ್ಬ ಅಜ್ಜಿ, ಇವಳು ಏನಾದರೂ ಹೇಳಿದರೆ ಸಾಕು, "ಪುಹು ಕೊವೆಂಪಾ" ಅಂತ ಒಂದೇ ಸಮ ಅನ್ನುತ್ತಿದ್ದರಂತೆ. ಪುಹು ಅಂದರೆ ಮಾತಾಡು, ಅದು ಗೊತ್ತು. ಕೊವೆಂಪಾ ಅನ್ನುವುದು ಕೊವ ಅನ್ನುವ ಪದದಿಂದ ಬಂದದ್ದು, ಅದೂ ಗೊತ್ತು. ಪಟ್ಟಿಯಲ್ಲಿ ಕೊವ ಅಂದರೆ ಹಾರ್ಡ್ ಅಂತಿತ್ತು. ಹಾರ್ಡ್ ಆಗಿ ಮಾತಾಡು ಅಂದರೆ ಏನು, ನಾನೇನು ಜಾಸ್ತಿ ಮೃದುವಾಗಿ ಮಾತಾಡಿದೆನಾ, ಬೈಯಬೇಕಾ, ಅಂತ ಇವಳಿಗೆ ಗಾಬರಿ. ರಾತ್ರಿ ನನಗೆ ಫೋನ್ ಮಾಡಿ, "ಅಮ್ಮ, ಆ ಅಜ್ಜಿಗೆ ನನ್ನ ಕಂಡರೆ ಕೋಪ ಅನ್ಸುತ್ತೆ" ಅಂತ ಅಳುವ ಹಾಗೆ ಹೇಳಿದಳು. ನಾನು ಪದ ಕೇಳಿದೆ, ಹೇಳಿದಳು. "ಲೇ, ಕೊವ ಅಂದ್ರೆ ಗಟ್ಟಿ ಅಲ್ವೇನೇ? ಇನ್ನೂ ಗಟ್ಟಿಯಾಗಿ ಮಾತಾಡು ಅಂತ ಹೇಳ್ತಿದ್ದಾರೆ ಕಣೇ, ಅವರಿಗೆ ಕಿವಿ ಮಂದ ಇರಬೇಕು" ಅಂದೆ. ಆ ಕಡೆ ಒಂದು ಗಳಿಗೆ ಸದ್ದೇ ಇಲ್ಲ. ಆಮೇಲೆ, "ಹೌದಲ್ವಾ ಅಮ್ಮ" ಅಂದಳು.

ನೋಡಿ, ಕನ್ನಡದಲ್ಲಿ ಕಲ್ಲೂ ಗಟ್ಟಿ, ದನಿಯೂ ಗಟ್ಟಿ. ಫಿನ್ನಿಷಿನಲ್ಲೂ ಕಲ್ಲು ಕೊವ, ದನಿ ಕೊವ. ಇಂಗ್ಲಿಷಿನಲ್ಲಿ ಮಾತ್ರ ಕಲ್ಲು ಹಾರ್ಡ್, ದನಿ ಲೌಡ್. ಅವಳ ಪಟ್ಟಿಯಲ್ಲಿ ಲೌಡ್ ಎದುರಿಗೆ ಬೇರೆ ಯಾವುದೋ ಉದ್ದನೆ ಪದ ಇತ್ತು, ಗದ್ದಲ ಮಾಡುವ ಅನ್ನುವ ಅರ್ಥದ್ದು. ಅದು ತಪ್ಪೂ ಅಲ್ಲ. ಆದರೆ ಮನೆಯಲ್ಲಿ ಕೂತ ಅಜ್ಜಿ ಆ ಪದ ಬಳಸುವುದಿಲ್ಲ, ಕೊವೆಂಪಾ ಅನ್ನುತ್ತಾರೆ. ಎರಡು ಭಾಷೆಗಳು ಎದುರು ಬದುರು ನಿಂತು ಒಂದೇ ಮಾತು ಆಡುತ್ತಿದ್ದವು, ನಡುವೆ ಇಂಗ್ಲಿಷ್ ನಿಂತಿದ್ದಕ್ಕೆ ಮಗುವಿಗೆ ಕೇಳಿಸಲಿಲ್ಲ.

ಅಲ್ಲಿಂದ ನಾನು ಪಟ್ಟಿಯನ್ನು ಬೇರೆ ಕಣ್ಣಿನಿಂದ ನೋಡಲು ಶುರು ಮಾಡಿದೆ. ಪ್ರತಿ ಫಿನ್ನಿಷ್ ಪದದ ಮುಂದೆ ಇಂಗ್ಲಿಷ್ ಪದ ಮುಚ್ಚಿಟ್ಟು ನಮ್ಮ ಪದ ಬರೆದೆ. ಎಷ್ಟೋ ಕಡೆ ಗಂಟು ತಾನಾಗಿ ಬಿಚ್ಚಿಕೊಂಡಿತು.

ಪಿತ್ಕ್ಯಾ ಅನ್ನುವ ಪದ ತಗೊಳ್ಳಿ. ಪಟ್ಟಿಯಲ್ಲಿ ಅದು ಎರಡು ಸಲ ಬಂದಿದೆ, ಲಾಂಗ್ ಎದುರಿಗೆ ಒಂದು ಸಲ, ಟಾಲ್ ಎದುರಿಗೆ ಇನ್ನೊಂದು ಸಲ. ಓದುವ ಮಗು ಮುದ್ರಣದ ತಪ್ಪು ಅಂದುಕೊಳ್ಳುತ್ತದೆ. ಕನ್ನಡದಲ್ಲಿ ಉದ್ದ ಅಂತ ಒಂದೇ ಪದ ಬರೆದಿದ್ದರೆ ಮುಗಿದೇಹೋಯಿತು. ಜಡೆ ಉದ್ದ, ದಾರಿ ಉದ್ದ, ಹುಡುಗನೂ ಉದ್ದ ಇದ್ದಾನೆ. ಅವರಲ್ಲೂ ಹಾಗೇ. ಬೆಟ್ಟಕ್ಕೆ, ಕಟ್ಟಡಕ್ಕೆ ಮಾತ್ರ ಕೊರ್ಕೆಅ ಅನ್ನುತ್ತಾರೆ, ನಾವು ಎತ್ತರ ಅನ್ನುತ್ತೇವೆ. ನಂದಿ ಬೆಟ್ಟ ಉದ್ದ ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಆ ಗೆರೆ ಎಲ್ಲಿ ಎಳೆಯಬೇಕು ಅಂತ ನಮ್ಮ ಮಕ್ಕಳಿಗೆ ಆಗಲೇ ಗೊತ್ತಿದೆ, ಹೊಸದಾಗಿ ಹೇಳಿಕೊಡಬೇಕಾಗಿಯೇ ಇಲ್ಲ.

ಪಕ್ಸು ಕೂಡ ಹಾಗೇ. ಥಿಕ್ ಅಂತ ಪಟ್ಟಿಯಲ್ಲಿದೆ. ಆದರೆ ಪುಸ್ತಕಕ್ಕೂ ಪಕ್ಸು, ಮನುಷ್ಯನಿಗೂ ಪಕ್ಸು. ನಮ್ಮ ದಪ್ಪ ಅನ್ನುವ ಪದ ಅದರ ಮೇಲೆ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತದೆ. ಮನುಷ್ಯರಿಗೆ ಮುಖದ ಮೇಲೆ ಹೇಳಿದರೆ ಒರಟು ಅನಿಸುವುದೂ ಎರಡು ಕಡೆಯೂ ಒಂದೇ.

ಈಗ ನನ್ನ ಮನಸ್ಸಿಗೆ ತುಂಬ ಹತ್ತಿರವಾದ ಪದಕ್ಕೆ ಬರುತ್ತೇನೆ. ಮಕೆಅ. ಸ್ವೀಟ್ ಅಂತ ಕೊಟ್ಟಿದ್ದೀರಿ, ಸರಿ, ಸಿಹಿ. ಫಿನ್ನಿಷಿನಲ್ಲಿ ನೀರಿಗೆ ವೆಸಿ ಅನ್ನುತ್ತಾರೆ. ಮಕೆಅ ವೆಸಿ ಅಂದರೆ ಸಕ್ಕರೆ ಹಾಕಿದ ನೀರಲ್ಲ, ಉಪ್ಪಿಲ್ಲದ ನೀರು, ಕೆರೆಯ ಹೊಳೆಯ ನೀರು. ಇಂಗ್ಲಿಷಿನವರು ಅದಕ್ಕೆ ಫ್ರೆಶ್ ವಾಟರ್ ಅನ್ನುತ್ತಾರೆ. ಆದರೆ ಪಟ್ಟಿಯಲ್ಲಿ ಫ್ರೆಶ್ ಎದುರಿಗೆ ತುವೊರೆ ಅಂತಿದೆ, ಅದು ತರಕಾರಿ, ಬ್ರೆಡ್ಡಿಗೆ ಹೇಳುವ ತಾಜಾ. ಎರಡು ಪದ ಜೋಡಿಸಿ ತುವೊರೆ ವೆಸಿ ಅಂದುಬಿಟ್ಟರೆ ಅರ್ಥ ಎಲ್ಲೋ ಹೋಗುತ್ತದೆ. ಸಿಹಿ ನೀರು ಅಂದರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಯಾರಾದರೂ ಬಿಡಿಸಿ ಹೇಳಬೇಕಾ? ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಸೀಮೆ ನಮ್ಮದು. ಈ ಬಾವಿ ಸಿಹಿ ನೀರು, ಆ ಬಾವಿ ಉಪ್ಪು ನೀರು ಅಂತ ಹೇಳುತ್ತಲೇ ನಮ್ಮ ಅಜ್ಜಿಯರು ಬಿಂದಿಗೆ ಹೊತ್ತರು. ಈಗ ಸಾವಿರ ಅಡಿ ದಾಟಿದ ಬೋರಿನ ನೀರಿನಲ್ಲಿ ಫ್ಲೋರೈಡ್ ಬರುತ್ತದೆ, ಸಿಹಿ ನೀರು ಅಂತ ಕ್ಯಾನ್ ಹಿಡಿದು ಸಾಲು ನಿಲ್ಲುತ್ತೇವೆ. ಮಗಳು ಹೋದ ದೇಶದಲ್ಲಿ ಸುಮಾರು 1,88,000 ಕೆರೆ ಸರೋವರಗಳಿವೆ. ಅಷ್ಟು ನೀರಿರುವವರೂ, ನೀರೇ ಇಲ್ಲದ ನಾವೂ, ಒಳ್ಳೆ ನೀರನ್ನು ಸಿಹಿ ಅಂತಲೇ ಕರೆಯುತ್ತೇವೆ ಅಂತ ಗೊತ್ತಾದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಹಾಟ್ ಮತ್ತು ಫ್ರೀ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ಕಾಫಿಯೂ ಹಾಟ್, ಮೆಣಸಿನಕಾಯಿಯೂ ಹಾಟ್. ನಿಮ್ಮ ಪಟ್ಟಿಯಲ್ಲಿ ಕೂಮ ಅಂತ ಒಂದೇ ಕೊಟ್ಟಿದ್ದೀರಿ, ಅದು ಬಿಸಿ. ಖಾರಕ್ಕೆ ತುಲಿನೆನ್ ಅನ್ನುತ್ತಾರೆ, ತುಲಿ ಅಂದರೆ ಬೆಂಕಿ, ಅದರಿಂದ ಆದ ಪದ. ಊಟ ಕೂಮ ಅಂದರೆ ಆರಲಿ ಅಂತ ಬಿಡುತ್ತಾರೆ, ತುಲಿನೆನ್ ಅಂದರೆ ನೀರು ತಂದುಕೊಡುತ್ತಾರೆ. ಫ್ರೀ ಕೂಡ ಎರಡು. ದುಡ್ಡು ಕೊಡಬೇಕಾಗಿಲ್ಲ ಅಂದರೆ ಇಲ್ಮೈನೆನ್, ಬಂಧನ ಇಲ್ಲ ಅಥವಾ ಖಾಲಿ ಇದೆ ಅಂದರೆ ವಪಾ. ಪುಕ್ಕಟೆ ಸಿಗುವುದಕ್ಕೂ ಬಿಡುವಾಗಿ ಇರುವುದಕ್ಕೂ ನಾವು ಯಾವತ್ತೂ ಒಂದೇ ಪದ ಬಳಸಿದವರಲ್ಲ. ಇಂಗ್ಲಿಷ್ ದಾರಿಯಲ್ಲಿ ಹೋದರೆ ಮಾತ್ರ ಈ ಎರಡು ಒಂದಾಗಿ, ಮತ್ತೆ ಎರಡಾಗಬೇಕು. ಸುಮ್ನೆ ಯಾಕೆ ಸುತ್ತುವುದು?

ಹಂಗ್ರಿ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ಬರೀ ಪದ ಅಲ್ಲ, ಇಡೀ ವಾಕ್ಯದ ಕಟ್ಟೇ ಬೇರೆ. ನೀವು ನ್ಯಾಲ್ಕ್ಯಾಯಿನೆನ್ ಅಂತ ಕೊಟ್ಟಿದ್ದೀರಿ. ಆ ಪದ ಇದೆ, ತಪ್ಪಲ್ಲ. ಆದರೆ ಅದನ್ನು ಓದಿದ ಮಗು ಐ ಆಮ್ ಹಂಗ್ರಿ ಅನ್ನುವುದನ್ನೇ ಫಿನ್ನಿಷಿನಲ್ಲಿ ಕಟ್ಟುತ್ತದೆ. ಅಲ್ಲಿ ಜನ ದಿನಾ ಹೇಳುವುದು ಮಿನುಲ್ಲ ಒನ್ ನ್ಯಾಲ್ಕ್ಯಾ ಅಂತ. ಮಿನುಲ್ಲ ಅಂದರೆ ನನ್ನ ಹತ್ತಿರ, ನನ್ನಲ್ಲಿ. ಒನ್ ಅಂದರೆ ಇದೆ. ನ್ಯಾಲ್ಕ್ಯಾ ಅಂದರೆ ಹಸಿವು. ನನಗೆ ಹಸಿವಿದೆ, ಅಷ್ಟೇ. ನಾವು ಯಾವತ್ತಾದರೂ ನಾನು ಹಸಿದವಳಾಗಿದ್ದೇನೆ ಅಂತ ಅಡುಗೆಮನೆಯಲ್ಲಿ ಹೇಳುತ್ತೇವಾ? ಬಾಯಾರಿಕೆಗೂ ಹಾಗೇ, ಚಳಿಗೂ ಹಾಗೇ. ಚಳಿಯ ವಿಷಯದಲ್ಲಿ ತಪ್ಪು ಇನ್ನೂ ದೊಡ್ಡದು. ಐ ಆಮ್ ಕೋಲ್ಡ್ ಅನ್ನುವುದನ್ನು ಪದಕ್ಕೆ ಪದ ಹಾಕಿ ಹೇಳಿದರೆ ನಾನೇ ತಣ್ಣಗಿದ್ದೇನೆ ಅಂತ ಆಗುತ್ತದೆ. ಮಿನುಲ್ಲ ಒನ್ ಕ್ಯುಲ್ಮ್ಯಾ ಅನ್ನಬೇಕು, ನನಗೆ ಚಳಿ ಅನ್ನಬೇಕು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸಿಗೆ ಈ ವ್ಯತ್ಯಾಸ ಗೊತ್ತಿರಬೇಕೋ ಬೇಡವೋ ನೀವೇ ಹೇಳಿ. ಹಾಗೇ, ಇಂಗ್ಲಿಷಿನ ಹ್ಯಾವ್ ಅನ್ನುವ ಕ್ರಿಯಾಪದ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ನನ್ನ ಹತ್ತಿರ ಕಾರಿದೆ, ನನಗೆ ಇಬ್ಬರು ಮಕ್ಕಳಿದ್ದಾರೆ ಅನ್ನುವುದಕ್ಕೂ ಅದೇ ಮಿನುಲ್ಲ ಒನ್. ಕನ್ನಡದ ಹುಡುಗಿ ಇದನ್ನು ಒಂದು ನಿಮಿಷದಲ್ಲಿ ಹಿಡಿಯುತ್ತಾಳೆ. ನನ್ನ ಮಗಳಿಗೆ ಆರು ತಿಂಗಳು ಯಾರೂ ಹೇಳಲಿಲ್ಲ.

ಅಂಗಡಿಗೆ ಹೋದಾಗ ಇನ್ನೊಂದು ಸಿಕ್ಕಿತು. ಅವಳು ವಿಡಿಯೋ ಕಾಲ್ ಮಾಡಿ ಪ್ಯಾಕೆಟ್‌ಗಳನ್ನು ತೋರಿಸುತ್ತಿದ್ದಳು. ಒಂದರ ಮೇಲೆ ಸೊಕೆರಿತೊನ್, ಇನ್ನೊಂದರ ಮೇಲೆ ಸುವೊಲತೊನ್, ಮತ್ತೊಂದರ ಮೇಲೆ ಮೈದೊತೊನ್. ಸೊಕೆರಿ ಅಂದರೆ ಸಕ್ಕರೆ, ಸುವೊಲ ಉಪ್ಪು, ಮೈತೊ ಹಾಲು. ಕೊನೆಗೆ ತೊನ್ ಬಂದರೆ ಅದು ಇಲ್ಲದ ಅಂತ. ಸಕ್ಕರೆ ಇಲ್ಲದ, ಉಪ್ಪಿಲ್ಲದ, ಹಾಲಿಲ್ಲದ. ಮನೆ ಇಲ್ಲದವರಿಗೆ ಕೊದಿತೊನ್, ಹಣ ಕೊಡಬೇಕಿಲ್ಲದ್ದಕ್ಕೆ ಮಕ್ಸುತೊನ್. ಇಂಗ್ಲಿಷಿನಲ್ಲಾದರೆ ಒಂದಕ್ಕೆ ಫ್ರೀ, ಒಂದಕ್ಕೆ ಲೆಸ್, ಇನ್ನೊಂದಕ್ಕೆ ಅನ್ ಅಂತ ಬೇರೆ ಬೇರೆ ಕಲಿಯಬೇಕು. ನಮ್ಮ ಇಲ್ಲದ ಅನ್ನುವ ಒಂದೇ ಪದ ಹೇಳಿಕೊಟ್ಟರೆ ಐವತ್ತು ಗುಣಪದ ಒಟ್ಟಿಗೆ ಬಂದ ಹಾಗೆ. ಅಂದ ಹಾಗೆ ಆ ಸೊಕೆರಿ ನಮ್ಮ ಸಕ್ಕರೆಯೇ, ಸಂಸ್ಕೃತದ ಶರ್ಕರಾ ಪರ್ಷಿಯನ್, ಅರಬ್ಬಿ ದಾಟಿ ಯುರೋಪಿಗೆ ಹೋಗಿ ಸ್ವೀಡಿಷ್ ಮೂಲಕ ಅಲ್ಲಿಗೆ ಮುಟ್ಟಿದೆ.

ಹೆಸರಿನಿಂದ ಗುಣಪದ ಮಾಡುವುದೂ ಹೀಗೇ ಸಲೀಸು. ಅವರಲ್ಲಿ ಕಿವಿ ಅಂದರೆ ಕಲ್ಲು. ಕಿವಿನೆನ್ ಅಂದರೆ ಕಲ್ಲಿನ, ಕಲ್ಲು ತುಂಬಿದ. ಪೂ ಅಂದರೆ ಮರ, ಪುಇನೆನ್ ಅಂದರೆ ಮರದ. ನಾವು ಕಲ್ಲಿನ ದಾರಿ, ಮರದ ಕುರ್ಚಿ ಅಂದ ಹಾಗೆ.

ಇಷ್ಟೆಲ್ಲ ಓದಿ, ಫಿನ್ನಿಷ್ ಕನ್ನಡದ ನೆಂಟ ಅಂತ ಯಾರೂ ಹೇಳಬೇಡಿ. ಹಾಗೆ ಅಂದುಕೊಂಡವರು ಹಿಂದೆಯೂ ಇದ್ದರು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ವ್ಯಾಕರಣ ಬರೆದಾಗ, ಫಿನ್ನಿಷ್ ಸೇರಿದ ಒಂದು ದೊಡ್ಡ ಗುಂಪಿನ ಜೊತೆ ನಮ್ಮ ಭಾಷೆಗಳಿಗೆ ನಂಟಿದೆ ಅಂತ ವಾದ ಮಾಡಿದ್ದರು. ಇವತ್ತಿನ ಭಾಷಾ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಅದು ಉರಾಲಿಕ್ ಕುಟುಂಬ, ನಮ್ಮದು ದ್ರಾವಿಡ. ರಕ್ತ ಸಂಬಂಧ ಇಲ್ಲ. ಪದದ ಬೆನ್ನಿಗೆ ಪ್ರತ್ಯಯ ಅಂಟಿಸಿಕೊಂಡು ಹೋಗುವ ಅಭ್ಯಾಸ ಎರಡಕ್ಕೂ ಇದೆ, ಅಷ್ಟು ಸಾಕು ಕಲಿಯುವವರಿಗೆ.

ಕನ್ನಡ ಕೈ ಕೊಡುವ ಜಾಗವೂ ಇದೆ, ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಅದು ವಿಭಕ್ತಿಯ ವಿಷಯ. ತಲೊ ಅಂದರೆ ಮನೆ, ಇಸೊ ಅಂದರೆ ದೊಡ್ಡ. ದೊಡ್ಡ ಮನೆ ಅಂದರೆ ಇಸೊ ತಲೊ. ಇಲ್ಲಿಯವರೆಗೆ ಸುಖ. ದೊಡ್ಡ ಮನೆಯಲ್ಲಿ ಅಂದರೆ ಇಸೊಸ್ಸ ತಲೊಸ್ಸ. ದೊಡ್ಡ ಮನೆಯಿಂದ ಅಂದರೆ ಇಸೊಸ್ತ ತಲೊಸ್ತ. ದೊಡ್ಡ ಮನೆಯೊಳಕ್ಕೆ ಅಂದರೆ ಇಸೋನ್ ತಲೋನ್. ನೋಡಿದಿರಾ, ಅಲ್ಲಿ, ಇಂದ, ಒಳಕ್ಕೆ ಅನ್ನುವ ಬಾಲ ಮನೆಗೆ ಮಾತ್ರ ಅಲ್ಲ, ದೊಡ್ಡ ಅನ್ನುವುದಕ್ಕೂ ಅಂಟುತ್ತದೆ. ನಮ್ಮಲ್ಲಿ ದೊಡ್ಡ ಕದಲುವುದೇ ಇಲ್ಲ. ಇಂಗ್ಲಿಷಿನ ಬಿಗ್ ಕೂಡ ಕದಲುವುದಿಲ್ಲ. ಹಾಗಾಗಿ ನಿಮ್ಮ ಪಟ್ಟಿ ನೋಡಿ ಇಸೊ ಅಂತ ಕಲಿತವರು ಅದನ್ನು ಎಲ್ಲ ಕಡೆ ಇಸೊ ಅಂತಲೇ ಬಳಸುತ್ತಾರೆ. ಸಾಮಾನ್ಯವಾಗಿ ಫಿನ್ನಿಷಿಗೆ 15 ವಿಭಕ್ತಿ ಅಂತ ಲೆಕ್ಕ. ಗುಣಪದ ಅಷ್ಟು ವೇಷದಲ್ಲಿ ಬರುತ್ತದೆ, ಬಹುವಚನ ಬೇರೆ. ಪಟ್ಟಿಯಲ್ಲಿರುವುದು ಅದರ ಒಂದು ವೇಷ ಮಾತ್ರ.

ಇದನ್ನು ಮಗಳಿಗೆ ಹೇಗೆ ತಲೆಗೆ ಹತ್ತಿಸುವುದು ಅಂತ ನಾನು ಬಹಳ ದಿನ ಯೋಚನೆ ಮಾಡಿದೆ. ಸಂಸ್ಕೃತ ಓದಿದವರಿಗೆ ವಿಶಾಲೇ ಗೃಹೇ ಅಂದರೆ ಸಾಕು, ಎರಡಕ್ಕೂ ಒಂದೇ ವಿಭಕ್ತಿ ಅಂತ ಗೊತ್ತಾಗುತ್ತದೆ. ಅವಳು ಓದಿಲ್ಲ. ಆಮೇಲೆ ದೊಡ್ಡದರಲ್ಲಿ ಮನೆಯಲ್ಲಿ, ದೊಡ್ಡದರಿಂದ ಮನೆಯಿಂದ ಅಂತ ಬಾಯಲ್ಲಿ ಹೇಳಿಸಿದೆ. ಎರಡು ದಿನದಲ್ಲಿ ಕೂತಿತು. ಕನ್ನಡ ಅಲ್ಲದ ಕನ್ನಡ ಅದು, ಆದರೆ ಕನ್ನಡದ ಪ್ರತ್ಯಯ ಬಲ್ಲವರಿಗೇ ಆ ಉಪಾಯ ಕೆಲಸ ಮಾಡುವುದು.

ಊರ ಹೆಸರಿನಲ್ಲೂ ಹೀಗಾಗುತ್ತದೆ ಅಂತ ಗೊತ್ತಾದಾಗ ನನಗೆ ಆಶ್ಚರ್ಯ ತಡೆಯಲಿಲ್ಲ. ನಮ್ಮದು ಚಿಕ್ಕಬಳ್ಳಾಪುರ, ಪಕ್ಕದಲ್ಲಿ ದೊಡ್ಡಬಳ್ಳಾಪುರ. ಊರ ಹೆಸರಿನಲ್ಲೇ ಗುಣಪದ ಇಟ್ಟುಕೊಂಡ ಜನ ನಾವು. ಅವರಲ್ಲೂ ಇಂಥ ಜೋಡಿ ಇದೆ, ಇಸೊಕ್ಯುರೊ ಮತ್ತು ವ್ಯಾಹ್ಯಾಕ್ಯುರೊ. ಇಸೊ ಅಂದರೆ ದೊಡ್ಡ, ವ್ಯಾಹ್ಯಾ ಅಂದರೆ ಚಿಕ್ಕ. ದೊಡ್ಡಕ್ಯುರೊ, ಚಿಕ್ಕಕ್ಯುರೊ. ಆ ಚಿಕ್ಕದ್ದು 2013ರಲ್ಲಿ ವಾಸ ಎಂಬ ನಗರದೊಳಗೆ ಸೇರಿಹೋಯಿತು. ಈಗ ಇಸೊಕ್ಯುರೊದಲ್ಲಿ ಅಂತ ಹೇಳಬೇಕಾದರೆ ಇಸೊಸ್ಸಕ್ಯುರೊಸ್ಸ್ಯಾ ಅನ್ನಬೇಕು. ಹೆಸರಿನ ಹೊಟ್ಟೆಯಲ್ಲಿರುವ ಇಸೊ ಕೂಡ ಬಾಲ ತಗೊಂಡಿತು ನೋಡಿ. ಊಸಿಕೌಪುಂಕಿ ಅಂತ ಇನ್ನೊಂದು ಊರು, ಹೊಸಪಟ್ಟಣ ಅಂತ ಅರ್ಥ. ಅಲ್ಲಿ ಅನ್ನಬೇಕಾದರೆ ಊದೆಸ್ಸಕೌಪುಂಗಿಸ್ಸ. ನಾವು ಹೊಸದರಲ್ಲಿಪೇಟೆಯಲ್ಲಿ ಅಂದ ಹಾಗಾಯಿತು. ಬಸ್ಸಿನ ಬೋರ್ಡ್ ಒಂದು ಥರ, ಜನರ ಬಾಯಲ್ಲಿ ಇನ್ನೊಂದು ಥರ. ಹೊಸದಾಗಿ ಹೋದವರು ಅದೇ ಊರು ಅಂತ ಹೇಗೆ ಗುರುತಿಸಬೇಕು? ಇದನ್ನು ಮೊದಲೇ ಹೇಳಿಕೊಡಬೇಕು.

ಹೋಲಿಕೆ ಮಾಡುವಾಗ ಮತ್ತೆ ನಮ್ಮ ದಾರಿಗೆ ಬರುತ್ತಾರೆ. ವನ್ಹ ಅಂದರೆ ಹಳೆಯ, ವಯಸ್ಸಾದ. ವನ್ಹೆಂಪಿ ಅಂದರೆ ಇನ್ನೂ ವಯಸ್ಸಾದ. ಮಿನುವ ವನ್ಹೆಂಪಿ ಅಂದರೆ ನನಗಿಂತ ದೊಡ್ಡವರು. ಇಂಗ್ಲಿಷಿನ ದ್ಯಾನ್ ಹಾಗೆ ನಡುವೆ ಬೇರೆ ಪದ ಬೇಕಾಗಿಲ್ಲ, ನನಗಿಂತ ಅನ್ನುವ ಹಾಗೆ ಒಂದೇ ಪದದಲ್ಲಿ ಮುಗಿಸುತ್ತಾರೆ. ಇದೇ ವನ್ಹೆಂಪಿಯ ಬಹುವಚನ ವನ್ಹೆಮ್ಮತ್. ಅದಕ್ಕೆ ಅವರಲ್ಲಿ ಅಪ್ಪ ಅಮ್ಮ ಅಂತ ಅರ್ಥ. ನಾವು ಹಿರಿಯರು ಅಂತ ಕರೆಯುವುದಿಲ್ಲವಾ, ಹಾಗೆ. ಮನೆಯಲ್ಲಿ ಹಿರಿಯರು ಇದ್ದಾರಾ ಅಂತ ಕೇಳಿದರೆ ಯಾರನ್ನು ಕೇಳಿದ್ದು ಅಂತ ನಮ್ಮ ಮಕ್ಕಳಿಗೆ ಗೊತ್ತಾಗುತ್ತದೆ. ಮಗಳು ಒಂದು ಫಾರಂನಲ್ಲಿ ಈ ಪದ ನೋಡಿ ಓಲ್ಡರ್ ಪೀಪಲ್ ಅಂದುಕೊಂಡು ಅಜ್ಜಿಯ ಹೆಸರು ಬರೆಯಲು ಹೋಗಿದ್ದಳು.

ಉಗುರು ಬೆಚ್ಚಗೆ ಅನ್ನುವುದನ್ನೂ ಸೇರಿಸಲೇಬೇಕು. ಇಂಗ್ಲಿಷಿನ ಲೂಕ್‌ವಾರ್ಮ್ ಪದದಲ್ಲಿ ಲೂಕ್ ಅಂದರೆ ಏನು ಅಂತ ಎಷ್ಟು ಜನರಿಗೆ ಹೊಳೆಯುತ್ತದೆ? ಫಿನ್ಲೆಂಡಿನವರು ಬ್ರೆಡ್ಡಿಗೆ ಹಿಟ್ಟು ಕಲಸುವಾಗ ಹಾಲು ಕ್ಯಾದೆನ್‌ಲ್ಯಾಂಪೊಯಿನೆನ್ ಇರಬೇಕು ಅನ್ನುತ್ತಾರೆ. ಕ್ಯಾಸಿ ಅಂದರೆ ಕೈ. ಕೈ ಬೆಚ್ಚಗಿರುವಷ್ಟು ಬೆಚ್ಚಗೆ. ನಾವು ಉಗುರಿನಿಂದ ಅಳೆಯುತ್ತೇವೆ, ಅವರು ಕೈಯಿಂದ. ಮಗಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ.

ಓದುವುದಕ್ಕೆ ನಮ್ಮ ಲಿಪಿಯೇ ಸಾಕಷ್ಟು ಕೆಲಸ ಮಾಡುತ್ತದೆ. ಫಿನ್ನಿಷಿನಲ್ಲಿ ಬರೆದ ಹಾಗೆ ಓದಬೇಕು, ಕನ್ನಡದ ಹಾಗೇ. ಹ್ರಸ್ವ ದೀರ್ಘ, ಒತ್ತಕ್ಷರ ತಪ್ಪಿದರೆ ಅರ್ಥವೇ ಬೇರೆ. ಕುಕ ಅಂದರೆ ಯಾರು, ಕುಕ್ಕ ಅಂದರೆ ಹೂವು. ತಪಾನ್ ಅಂದರೆ ಭೇಟಿಯಾಗುತ್ತೇನೆ, ತಪನ್ ಅಂದರೆ ಕೊಲ್ಲುತ್ತೇನೆ. ಇಂಗ್ಲಿಷ್ ಅಭ್ಯಾಸದ ಕಣ್ಣು ಎರಡು ಕ, ಎರಡು ಅ ಇದ್ದರೆ ಲಕ್ಷ್ಯವೇ ಕೊಡುವುದಿಲ್ಲ. ನಮ್ಮ ಮಕ್ಕಳು ಒಂದನೇ ಕ್ಲಾಸಿನಿಂದ ಕಲು ಅಲ್ಲ ಕಲ್ಲು, ಕಲ್ಲು ಅಲ್ಲ ಕಾಲು ಅಂತ ಸ್ಲೇಟಿನಲ್ಲಿ ತಿದ್ದಿದವರು. ಆದರೆ ನೆತ್ತಿಯ ಮೇಲೆ ಎರಡು ಚುಕ್ಕಿ ಇರುವ ಅಕ್ಷರಗಳಿಗೆ ನಮ್ಮಲ್ಲಿ ಸರಿಯಾದ ಅಕ್ಷರ ಇಲ್ಲ. ಒಂದನ್ನು ಬ್ಯಾಂಕ್ ಅನ್ನುವಾಗಿನ ಸ್ವರದಿಂದ ಸರಿದೂಗಿಸಬಹುದು, ನಾನು ಈ ಪತ್ರದಲ್ಲಿ ಹಾಗೇ ಬರೆದಿದ್ದೇನೆ. ಇನ್ನೊಂದನ್ನು, ಕ್ಯುರೊ ಅನ್ನುವುದರ ಕೊನೆಯಲ್ಲಿರುವುದನ್ನು, ಕಿವಿಯಿಂದಲೇ ಕಲಿಯಬೇಕು.

ನಮ್ಮ ಜಿಲ್ಲೆಯವರಿಗೆ ಇಂಗ್ಲಿಷ್ ಇಲ್ಲದೆ ಇನ್ನೊಂದು ಭಾಷೆ ಕಲಿಯುವುದು ಹೊಸದೂ ಅಲ್ಲ. ಚಿಂತಾಮಣಿ, ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತೆಲುಗಿನ ಪೆದ್ದ ಅಂದರೆ ದೊಡ್ಡ, ಕನ್ನಡದ ಪೆದ್ದ ಅಂದರೆ ದಡ್ಡ. ತೆಲುಗಿನ ಚಿನ್ನ ಅಂದರೆ ಚಿಕ್ಕ, ಕನ್ನಡದ ಚಿನ್ನ ಅಂದರೆ ಬಂಗಾರ. ನನ್ನ ಕ್ಲಾಸಿನಲ್ಲಿ ಐದನೇ ಬೆಂಚಿನ ಹುಡುಗನೂ ಈ ಎರಡನ್ನು ಕಲಸಿದ್ದು ನಾನು ನೋಡಿಲ್ಲ. ಪೆದ್ದ ಅಂದರೆ ಬಿಗ್, ಬಿಗ್ ಅಂದರೆ ದೊಡ್ಡ ಅಂತ ಸುತ್ತಿ ಯಾರೂ ಕಲಿಯಲಿಲ್ಲ. ಸಂತೆಯಲ್ಲಿ, ಅಂಗಳದಲ್ಲಿ ನೇರವಾಗಿ ಕಲಿತರು. ಫಿನ್ನಿಷ್ ಅಂದ ಕೂಡಲೇ ಮಾತ್ರ ಇಂಗ್ಲಿಷಿನ ಬಾಗಿಲಿನಲ್ಲೇ ಹೋಗಬೇಕು ಅಂತ ಯಾಕೆ ಅಂದುಕೊಳ್ಳುತ್ತೇವೆ?

ನಮಗಿಂತ ಎಷ್ಟೋ ಕಡಿಮೆ ಜನರಿರುವ ಫಿನ್ಲೆಂಡಿನವರು ತಮ್ಮ ಭಾಷೆಯನ್ನು ಹೇಗೆ ಬೆಳೆಸಿಕೊಂಡರು ನೋಡಿ. ಅಲ್ಲಿನ ಜನಸಂಖ್ಯೆ ಸುಮಾರು 56 ಲಕ್ಷ. 2011ರ ಜನಗಣತಿಯಲ್ಲಿ ಕನ್ನಡ ತಾಯಿನುಡಿ ಅಂತ ಬರೆಸಿದವರು 4.37 ಕೋಟಿ. ಫಿನ್ಲೆಂಡಿನಲ್ಲಿ ಒಂದು ಕಾಲಕ್ಕೆ ಆಫೀಸು, ಓದು ಎಲ್ಲ ಸ್ವೀಡಿಷಿನಲ್ಲಿ ನಡೆಯುತ್ತಿತ್ತು. 1863ರ ಒಂದು ಆಜ್ಞೆಯಿಂದ ಫಿನ್ನಿಷಿಗೂ ಆಡಳಿತದಲ್ಲಿ ಜಾಗ ಸಿಕ್ಕಿತು. ಅವರು ವ್ಯಾಕರಣದ ಹೆಸರುಗಳನ್ನೂ ತಮ್ಮ ಮಾತಿನಲ್ಲೇ ಕಟ್ಟಿಕೊಂಡರು. ನಾಮಪದಕ್ಕೆ ನಿಮಿಸನ, ಅಂದರೆ ಹೆಸರು ಪದ. ಕ್ರಿಯಾಪದಕ್ಕೆ ತೆಯೊನ್‌ಸನ, ಕೆಲಸದ ಪದ. ಗುಣಪದಕ್ಕೆ ಲಾತುಸನ, ಲಾತು ಅಂದರೆ ಗುಣ, ಸನ ಅಂದರೆ ಪದ. ನಮ್ಮಲ್ಲಿ ಭಾಷಾ ವಿದ್ವಾಂಸರಾದ ಡಿ.ಎನ್. ಶಂಕರ ಭಟ್ಟರು ಇದಕ್ಕೆ ಪರಿಚೆಪದ ಅಂದಿದ್ದಾರೆ. ಯಾವುದನ್ನಾದರೂ ಬಳಸಿ, ಆದರೆ ಪಟ್ಟಿಯ ತಲೆಬರಹದಲ್ಲಿ ಅಡ್ಜೆಕ್ಟಿವ್ಸ್ ಅಂತ ಮಾತ್ರ ಹಾಕಿ ಬಿಡಬೇಡಿ.

ಈಗ ನನ್ನ ಕೇಳಿಕೆ. ಮುಂದಿನ ಸೋಮವಾರದಿಂದ ಆ ಪಟ್ಟಿಗೆ ಕನ್ನಡದ ಕಾಲಂ ಸೇರಿಸಿ, ಅದು ಮೊದಲು ಬರಲಿ. ಕನ್ನಡ, ಪಕ್ಕದಲ್ಲಿ ಫಿನ್ನಿಷ್, ಬೇಕಾದರೆ ಕೊನೆಗೆ ಇಂಗ್ಲಿಷ್. ಫಿನ್ನಿಷ್ ಪದವನ್ನು ಅವರ ಲಿಪಿಯ ಜೊತೆಗೆ ಕನ್ನಡ ಲಿಪಿಯಲ್ಲೂ ಕೊಡಿ. ಬರೀ ಪದ ಕೊಡದೆ ಒಂದು ಸಣ್ಣ ವಾಕ್ಯ ಕೊಡಿ, ಅದರಲ್ಲಿ ಗುಣಪದಕ್ಕೆ ಬಾಲ ಅಂಟಿರುವುದು ಕಣ್ಣಿಗೆ ಬೀಳಲಿ. ಅರ್ಧ ಪುಟಕ್ಕೆ ನೂರು ಪದ ತುಂಬುವುದಕ್ಕಿಂತ ಹತ್ತು ಪದ ಹೀಗೆ ಕೊಟ್ಟರೆ ಸಾಕು. ಅಲ್ಲಿನ ಪೌರತ್ವ ಬೇಕಾದರೆ ಭಾಷಾ ಪರೀಕ್ಷೆಯಲ್ಲಿ ಮೂರನೇ ಮಟ್ಟ ಮುಟ್ಟಬೇಕು. ಅದು ಬರೀ ಪದ ಉರು ಹೊಡೆದರೆ ಆಗುವ ಕೆಲಸ ಅಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಈಗ ಇನ್ನೂರು ಚಿಲ್ಲರೆ ಗುಣಪದಗಳಿವೆ. ಪ್ರತಿಯೊಂದರ ಮುಂದೆ ಕನ್ನಡ ಇದೆ, ಮಗಳು ಅಲ್ಲಿನ ಜೊತೆ ಕೆಲಸದವರನ್ನು ಕೇಳಿ ತಿದ್ದಿದ ವಾಕ್ಯ ಇದೆ. ಫೋಟೋ ತೆಗೆದು ಕಳಿಸುತ್ತೇನೆ, ದುಡ್ಡು ಬೇಡ, ಹೆಸರೂ ಹಾಕಬೇಡಿ. ಮೊದಲನೇ ವಾರಕ್ಕೆ ಪಿಕ್ಕು ಅನ್ನುವ ಪದ ಹಾಕಿ ಅಂತ ನನ್ನ ಆಸೆ. ಪುಟ್ಟ ಅಂತ ಅರ್ಥ. ಬಾಲ ಅಂಟಿಸಿಕೊಳ್ಳದ ಬೆರಳೆಣಿಕೆಯ ಗುಣಪದಗಳಲ್ಲಿ ಅದೂ ಒಂದು. ಪುಟ್ಟ ಮನೆ ಅಂದರೆ ಪಿಕ್ಕು ತಲೊ, ಪುಟ್ಟ ಮನೆಯಲ್ಲಿ ಅಂದರೆ ಪಿಕ್ಕು ತಲೊಸ್ಸ. ಕನ್ನಡದ ಮಗು ಮೊದಲ ದಿನವೇ ತಪ್ಪಿಲ್ಲದೆ ಹೇಳಬಹುದು. ಎರಡನೇ ವಾರ ಇಸೊ ಹಾಕೋಣ.

ಇತಿ,
ನಿವೃತ್ತ ಕನ್ನಡ ಶಿಕ್ಷಕಿ,
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ